ಕಾರಣ ಕೇಳಿದ ಊರು

1942ರ ಸೆಪ್ಟೆಂಬರ್‌ನಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನ ವೀರಭದ್ರೇಶ್ವರ ದೇವಸ್ಥಾನದ ಮೇಲೆ ತ್ರಿವರ್ಣ ಧ್ವಜ ಹಾರಿಸಿ, ತಮ್ಮದು ಸ್ವತಂತ್ರ ಗ್ರಾಮ ಎಂದು ಸಾರಿದರು. ಸರ್ಕಾರಿ ಅಧಿಕಾರಿಗಳು ಊರೊಳಗೆ ಬರಕೂಡದು ಎಂದು ಫಲಕ ತೂಗುಹಾಕಿದರು. ಜಯಣ್ಣ ಎಂಬ ಹುಡುಗ ಅಮಲ್ದಾರನಾದ, ಮಲ್ಲಪ್ಪ ಎಂಬ ಹುಡುಗ ಸಬ್ ಇನ್‌ಸ್ಪೆಕ್ಟರ್ ಆದ. ಇದನ್ನು ನಾವು ಶೌರ್ಯದ ಕಥೆಯಾಗಿಯೇ ಹೇಳಿಕೊಂಡು ಬಂದಿದ್ದೇವೆ. ಶೌರ್ಯವೇನೋ ಹೌದು. ಆದರೆ ಆ ಶೌರ್ಯದ ಬುಡದಲ್ಲಿ ಒಂದು ಪ್ರಶ್ನೆಯಿತ್ತು: ನಮ್ಮನ್ನು ಆಳುವ, ನಮ್ಮಿಂದ ಕಂದಾಯ ಎತ್ತುವ ಹಕ್ಕನ್ನು ನಿಮಗೆ ಕೊಟ್ಟವರು ಯಾರು? ಅಧಿಕಾರಕ್ಕೆ ಏಕೆ ತಲೆಬಾಗಬೇಕು ಎಂಬುದು ತತ್ವಶಾಸ್ತ್ರದ ಅತಿ ಹಳೆಯ ಪ್ರಶ್ನೆಗಳಲ್ಲೊಂದು. ಅದನ್ನು ಇಲ್ಲಿ ಎತ್ತಿದವರು ಉಳುವ ಜನ.

ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಅದೇ ತಿಂಗಳ ಕೊನೆಯಲ್ಲಿ ನಡೆದ ಘರ್ಷಣೆಯಲ್ಲಿ ಸರ್ಕಾರದ ಅಮಲ್ದಾರ ಚೆನ್ನಕೃಷ್ಣಪ್ಪ ಮತ್ತು ಸಬ್ ಇನ್‌ಸ್ಪೆಕ್ಟರ್ ಕೆಂಚೇಗೌಡ ಪ್ರಾಣ ಕಳೆದುಕೊಂಡರು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಗಲ್ಲಿಗೇರಿದರು. ಸತ್ತ ಅಧಿಕಾರಿಗಳು ಮೇಲಿನವರ ಆದೇಶ ಹೊತ್ತು ಬಂದವರು. ಆದೇಶ ಪಾಲಿಸುವವನ ಹೊಣೆ ಎಷ್ಟು, ಸಿಟ್ಟು ನ್ಯಾಯವಾದದ್ದೇ ಆದರೂ ಕೈ ಎತ್ತಬಹುದೇ ಎಂಬುದನ್ನು ಈಸೂರನ್ನು ಪ್ರೀತಿಸುವವರೂ ಯೋಚಿಸಬೇಕು. ಹುತಾತ್ಮರ ನೆನಪಿಗೆ ಅದರಿಂದ ಕುಂದು ಬರುವುದಿಲ್ಲ.

ಅಂದು ಪ್ರಶ್ನೆ ಕೇಳಲು ಎದುರಿಗೆ ಒಬ್ಬ ಮನುಷ್ಯನಿದ್ದ. ಇಂದು ಪಡಿತರ ಅಂಗಡಿಯಲ್ಲಿ ಏನಾಗುತ್ತದೆ ನೋಡಿ. ಕಳೆ ಕಿತ್ತು, ಜೋಳ ಮುರಿದು ಸವೆದ ಬೆರಳನ್ನು ಅಜ್ಜಿಯೊಬ್ಬಳು ಯಂತ್ರದ ಮೇಲೆ ಒತ್ತುತ್ತಾಳೆ. ಒಂದು ಸಲ, ಎರಡು ಸಲ. ಸೆರಗಿನಲ್ಲಿ ಒರೆಸಿಕೊಂಡು ಇನ್ನೊಂದು ಬೆರಳು ಇಡುತ್ತಾಳೆ. ‘ಹೆಬ್ಬೆಟ್ಟು ತಗೋತಿಲ್ಲ ಅಜ್ಜಿ, ನಾಳೆ ಬನ್ನಿ’ ಎನ್ನುತ್ತಾನೆ ಅಂಗಡಿಯವನು. ಅವನದು ತಪ್ಪಲ್ಲ. ಆಹಾರ ನಿರೀಕ್ಷಕರನ್ನು ಕೇಳಿದರೆ ಸರ್ವರ್ ಕಡೆ ಕೈ ತೋರಿಸುತ್ತಾರೆ. ಪಹಣಿಯಲ್ಲಿ ಹೆಸರು ತಪ್ಪಿದರೂ, ಪಿಂಚಣಿ ನಿಂತರೂ ಸಿಗುವ ಉತ್ತರ ಇದೇ. ಅನ್ಯಾಯ ಆಗಿದೆ, ಮಾಡಿದವರು ಯಾರೂ ಇಲ್ಲ. ತಂತ್ರಜ್ಞಾನದ ಯುಗದ ನಿಜವಾದ ಸಮಸ್ಯೆ ಇಲ್ಲಿದೆ ಎಂದು ನಾನು ನಂಬಿದ್ದೇನೆ. ಇದಕ್ಕೆ ಇನ್ನೂ ವೇಗದ ಸರ್ವರ್ ತಂದರೆ ಸಾಲದು. ಹೊಣೆ ಯಾರದು, ಯಂತ್ರ ಹೇಳಿದ್ದನ್ನು ಯಾವ ಆಧಾರದ ಮೇಲೆ ನಂಬಬೇಕು ಎಂದು ಕೇಳುವ ಬುದ್ಧಿ ಬೇಕು.

ಬ್ರಿಟನ್ನಿನಲ್ಲಿ ಈ ಬುದ್ಧಿ ಕೈಕೊಟ್ಟಾಗ ಏನಾಯಿತು ಎಂಬುದು ಜಗತ್ತಿಗೆ ಗೊತ್ತಿದೆ. ಅಂಚೆ ಕಚೇರಿಗಳ ಹೊರೈಜನ್ ಎಂಬ ಲೆಕ್ಕದ ತಂತ್ರಾಂಶ ಇಲ್ಲದ ಕೊರತೆ ತೋರಿಸಿತು. 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಉಪ ಅಂಚೆಪಾಲಕರು ಅಪರಾಧಿಗಳೆನಿಸಿಕೊಂಡರು. ನ್ಯಾಯಾಲಯಗಳು ಕಂಪ್ಯೂಟರನ್ನು ನಂಬಿದವು, ಮನುಷ್ಯರನ್ನು ನಂಬಲಿಲ್ಲ. ಅವರ ಶಿಕ್ಷೆಗಳನ್ನು ಸಾರಾಸಗಟಾಗಿ ರದ್ದುಪಡಿಸಲು 2024ರಲ್ಲಿ ಸಂಸತ್ತು ಕಾನೂನನ್ನೇ ತರಬೇಕಾಯಿತು.

ಒಂದು ಮಾತು ನಿಜವೆಂದು ಹೇಗೆ ಗೊತ್ತಾಗುತ್ತದೆ ಎಂಬ ಚರ್ಚೆ ಈಸೂರಿನ ಸೀಮೆಗೆ ಹೊಸದಲ್ಲ. ಅದೇ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯಮಠವನ್ನು 1162ರ ಶಾಸನ ವಿವರವಾಗಿ ವರ್ಣಿಸುತ್ತದೆ. ಕಾಳಾಮುಖ ಶೈವರ ಆ ಮಠದಲ್ಲಿ ವೇದ, ವ್ಯಾಕರಣಗಳ ಜೊತೆಗೆ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯಗಳ ವ್ಯಾಖ್ಯಾನ ನಡೆಯುತ್ತಿತ್ತು. ತಮ್ಮ ಮತವನ್ನೇ ಒಪ್ಪದ ಬೌದ್ಧ ದರ್ಶನವನ್ನೂ ಅಲ್ಲಿ ಓದುತ್ತಿದ್ದರು. ಬಡವರಿಗೆ ಅನ್ನ, ರೋಗಿಗಳಿಗೆ ಔಷಧವೂ ಅದೇ ಆವರಣದಲ್ಲಿ ಸಿಗುತ್ತಿತ್ತು. ಎದುರಾಳಿಯ ವಾದವನ್ನು ಅವನಷ್ಟೇ ಚೆನ್ನಾಗಿ ಅರಿತು ಆಮೇಲೆ ಉತ್ತರಿಸಬೇಕೆಂಬ ಪೂರ್ವಪಕ್ಷದ ಶಿಸ್ತು ವಾಟ್ಸ್‌ಆ್ಯಪ್ ಗುಂಪುಗಳ ಈ ಕಾಲಕ್ಕೆ ಎಷ್ಟು ಬೇಕಾಗಿದೆ! ಅಲ್ಲಮ, ಅಕ್ಕಮಹಾದೇವಿ ಇದೇ ಸೀಮೆಯವರು. ಇಬ್ಬರೂ ಕೇಳದೆ ಒಪ್ಪಿದವರಲ್ಲ.

ನಮ್ಮ ಮಕ್ಕಳಿಗೆ ಕೋಡಿಂಗ್ ಕಲಿಸಬೇಕು, ಅನುಮಾನವಿಲ್ಲ. ಆದರೆ ಮುಂದೆ ಸರ್ಕಾರಕ್ಕೆ ತಂತ್ರಾಂಶ ಬರೆದುಕೊಡುವ ವಿಜ್ಞಾನದ ವಿದ್ಯಾರ್ಥಿ ತರ್ಕಶಾಸ್ತ್ರವನ್ನಾಗಲೀ ನೀತಿಶಾಸ್ತ್ರವನ್ನಾಗಲೀ ಗಂಭೀರವಾಗಿ ಓದದೆಯೇ ಪದವಿ ಪಡೆಯಬಹುದು. ಯಾರಿಗೆ ಅಕ್ಕಿ ನಿಲ್ಲಬೇಕು ಎಂಬ ತೀರ್ಮಾನ ಅವನು ಬರೆಯುವ ಒಂದು ಸಾಲಿನಲ್ಲಿ ಅಡಗಿರುತ್ತದೆ. ಕಲಾ ವಿಭಾಗದ ಮೂಲೆಗೆ ಸರಿದಿರುವ ತತ್ವಶಾಸ್ತ್ರವನ್ನು ಎಂಜಿನಿಯರಿಂಗ್ ತರಗತಿಗೂ ಹಳ್ಳಿಯ ಪ್ರೌಢಶಾಲೆಗೂ ತರಬೇಕು.

ಅಲ್ಲಿಯವರೆಗೆ ಕಾಯಬೇಕಾಗಿಯೂ ಇಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರ 4(1)(ಡಿ) ಕಲಮಿನ ಪ್ರಕಾರ, ಸಾರ್ವಜನಿಕ ಪ್ರಾಧಿಕಾರವು ತನ್ನ ಆಡಳಿತಾತ್ಮಕ ತೀರ್ಮಾನಕ್ಕೆ ಕಾರಣವನ್ನು ಬಾಧಿತ ವ್ಯಕ್ತಿಗೆ ತಿಳಿಸಬೇಕು. ನಿಮ್ಮ ಕಾರ್ಡ್ ರದ್ದಾದರೆ, ಪಿಂಚಣಿ ನಿಂತರೆ, ‘ಸಿಸ್ಟಮ್ ತಗೋತಿಲ್ಲ’ ಎಂಬ ಮಾತು ಕೇಳಿ ಹಿಂದಿರುಗಬೇಡಿ. ಕಾರಣವನ್ನು ಬರಹದಲ್ಲಿ ಕೇಳಿ.