ಮನೆವಾರ್ತೆ: ಗುಜರಿಗೆ ಹಾಕುವ ಮೊದಲು

ಹೋದ ಸಂಚಿಕೆಯಲ್ಲಿ ಮಿಡಿ ಉಪ್ಪಿನಕಾಯಿ ಬೂಷ್ಟು ಹಿಡಿಯದ ಹಾಗೆ ಇಡೋದು ಹೇಗೆ ಅಂತ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳ ನಡುವೆ ತಿಪಟೂರಿನ ಸೋದರಿಯೊಬ್ಬರು ಬೇರೆಯದೇ ಸಂಗತಿ ಕೇಳಿದ್ದಾರೆ. "ಮನೆಯಲ್ಲಿ ಹತ್ತು ವರ್ಷದ ಲ್ಯಾಪ್‌ಟಾಪ್ ಇದೆ. ಇನ್ನು ಇದಕ್ಕೆ ವಿಂಡೋಸ್ ಬರೋದಿಲ್ಲ, ಗುಜರಿಗೆ ಹಾಕಿ ಹೊಸದು ತಗೊಳ್ಳಿ ಅಂತ ಅಂಗಡಿಯವರು ಹೇಳುತ್ತಾರೆ. ಮಗ ಆಟ ಆಡಬೇಕು ಅಂತ ಪ್ರಾಣ ತಿನ್ನುತ್ತಾನೆ. ಅಷ್ಟು ಹಣ ಎಲ್ಲಿಂದ ತರಲಿ?"

ಇದು ಅವರೊಬ್ಬರ ಪ್ರಶ್ನೆಯಲ್ಲ. ನಮ್ಮ ನಾಗಸಂದ್ರದ ಬೀದಿಯಲ್ಲೇ 2025ರ ದೀಪಾವಳಿಯಿಂದೀಚೆಗೆ ನಾಲ್ಕು ಮನೆಯವರಿಗೆ ಇದೇ ಮಾತು ಕೇಳಿಬಂದಿದೆ. ನಮ್ಮ ಮನೆಯೂ ಅದರಲ್ಲೊಂದು. ನಮ್ಮವರಿಗೆ ಪೀಣ್ಯದಲ್ಲಿ ಲೇತ್ ಕೆಲಸ. ಚೀಟಿ ಎತ್ತಿ ಇಟ್ಟಿದ್ದ ದುಡ್ಡು ಮಗಳ ಡಿಗ್ರಿ ಸೀಟಿಗೆ ಅಂತ ಮೀಸಲು. ಹೊಸ ಲ್ಯಾಪ್‌ಟಾಪ್ ಅಂದರೆ ನಲವತ್ತು ಸಾವಿರದ ಮಾತು. ಮಗಳ ಹಣಕ್ಕೆ ಕೈ ಹಾಕೋದೋ, ಮಗನನ್ನು ಗಂಟೆ ಲೆಕ್ಕದಲ್ಲಿ ದುಡ್ಡು ತಗೊಂಡು ಆಡಿಸುವ ಅಂಗಡಿಗೆ ಕಳಿಸೋದೋ ಅನ್ನುವ ಸ್ಥಿತಿ. ಆ ಅಂಗಡಿಗೆ ಯಾರು ಯಾರು ಬರುತ್ತಾರೋ, ಹುಡುಗ ಕತ್ತಲಾದ ಮೇಲೆ ಮನೆಗೆ ಬರುತ್ತಿದ್ದ. ಎರಡೂ ಬೇಡ ಅಂತ ಮೂರನೆಯ ದಾರಿ ಹಿಡಿದೆವು. ಅದನ್ನೇ ಹೇಳುತ್ತೇನೆ.

ಮೊದಲು ಅಂಗಡಿಯವರ ಮಾತಿನಲ್ಲಿ ಎಷ್ಟು ನಿಜ ಅನ್ನೋದನ್ನು ಸೋಸಿ ನೋಡೋಣ. ವಿಂಡೋಸ್ 10ಕ್ಕೆ ಕಂಪನಿಯವರು 2025ರ ಅಕ್ಟೋಬರ್ 14ಕ್ಕೆ ಉಚಿತ ರಿಪೇರಿ ನಿಲ್ಲಿಸಿದ್ದು ನಿಜ. ಹೆಸರು ನೋಂದಾಯಿಸಿದವರಿಗೆ ಸುರಕ್ಷತೆಯ ರಿಪೇರಿ ಮಾತ್ರ 2026ರ ಅಕ್ಟೋಬರ್‌ವರೆಗೆ ಅಂತ ಹೇಳಿದ್ದಾರೆ. ವಿಂಡೋಸ್ 11 ಹಾಕೋಣ ಅಂದರೆ ಅದಕ್ಕೆ ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ಪು ಬೇಕು, ಸುಮಾರು 2018ರಿಂದ ಈಚಿನ ಪ್ರೊಸೆಸರ್ ಬೇಕು. ನಮ್ಮ ಹಳೇ ಲ್ಯಾಪ್‌ಟಾಪಿನಲ್ಲಿ ಅದಿಲ್ಲ. ಹಾಗಂತ ಲ್ಯಾಪ್‌ಟಾಪ್ ಕೆಟ್ಟಿದೆಯೇ? ಕೀಲಿಗಳು ಸರಿ ಇವೆ, ಪರದೆ ಸರಿ ಇದೆ. ಕುಕ್ಕರಿನ ಗ್ಯಾಸ್ಕೆಟ್ ಸಿಗಲಿಲ್ಲ ಅಂತ ಕುಕ್ಕರನ್ನೇ ಯಾರಾದರೂ ಗುಜರಿಗೆ ಹಾಕುತ್ತಾರಾ ಹೇಳಿ? ಬೇರೆ ಕಂಪನಿಯ ಗ್ಯಾಸ್ಕೆಟ್ ಕೂರುತ್ತಾ ಅಂತ ಮೊದಲು ನೋಡುತ್ತೇವೆ.

ಆ ಬೇರೆ ಗ್ಯಾಸ್ಕೆಟ್ಟೇ ಲಿನಕ್ಸ್. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲೈನಸ್ ಟೋರ್ವಾಲ್ಡ್ಸ್ ಎಂಬ ಹುಡುಗ ಇದನ್ನು ಶುರು ಮಾಡಿದ. ಮಾಡಿದ್ದನ್ನು ಬೀರುವಿನಲ್ಲಿಟ್ಟು ಬೀಗ ಹಾಕಲಿಲ್ಲ, ಹಂಚಿದ. ನಮ್ಮಲ್ಲಿ ಸಾರಿನಪುಡಿ ಲೆಕ್ಕ ಕೊಟ್ಟ ಹಾಗೆ ಅನ್ನಿ. ನೀವು ನನಗೆ ಲೆಕ್ಕ ಕೊಡುತ್ತೀರಿ, ನಾನು ಒಂದು ಹಿಡಿ ಧನಿಯ ಜಾಸ್ತಿ ಮಾಡಿ ಪಕ್ಕದ ಮನೆಯವರಿಗೆ ಕೊಡುತ್ತೇನೆ, ಅವರು ಮೆಂತ್ಯ ಕಮ್ಮಿ ಮಾಡುತ್ತಾರೆ. ಹೀಗೆ ಕೈಯಿಂದ ಕೈಗೆ ಹೋಗಿ ಲಿನಕ್ಸಿನಲ್ಲಿ ನೂರಾರು ಬಗೆ ಆಗಿವೆ. ಮನೆಬಳಕೆಗೆ ನನಗೆ ಹಿಡಿಸಿದ್ದು ಲಿನಕ್ಸ್ ಮಿಂಟ್. ಮಿಂಟ್ ಅಂದರೆ ಪುದೀನ. ಅದರಲ್ಲಿ ಒಂದು ಬಗೆಯ ಹೆಸರು ಸಿನಮನ್, ಅಂದರೆ ಚಕ್ಕೆ. ಪಲಾವಿಗೆ ಬೇಕಾದ್ದೆಲ್ಲ ಇದೆಯಲ್ಲ ಅಂತ ನಕ್ಕಿದ್ದೆ. ಇನ್ನೊಂದು ಸಂಗತಿ ಕೇಳಿದರೆ ನಿಮಗೂ ಖುಷಿಯಾಗುತ್ತೆ: ಮಿಂಟಿನ ಪ್ರತಿ ಆವೃತ್ತಿಗೂ ಹೆಣ್ಣುಮಕ್ಕಳ ಹೆಸರೇ ಇಡುತ್ತಾರೆ. 2018ರದ್ದು ತಾರಾ, 2021ರಲ್ಲಿ ಬಂದದ್ದರಲ್ಲಿ ಒಂದು ಉಮಾ!

ಇದೆಲ್ಲ ಪರದೇಶದವರ ಹುಚ್ಚು ಅಂತ ತಿಳಿಯಬೇಡಿ. ನಮ್ಮ ಮನೆಯಿಂದ ಮೆಟ್ರೋದಲ್ಲಿ ಎರಡು ಸ್ಟೇಷನ್ ಆಚೆಗೆ ಜಾಲಹಳ್ಳಿ. ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರೂ ಬೆಂಗಳೂರಿನ ಎಂಜಿನಿಯರುಗಳೂ ಸೇರಿ ಬಡವರ ಕೈಗೆ ಎಟಕುವಂಥ ಕಂಪ್ಯೂಟರ್ ಬೇಕು ಅಂತ ಸಿಂಪ್ಯೂಟರ್ ಎಂಬ ಅಂಗೈಯಗಲದ ಯಂತ್ರ ರೂಪಿಸಿದರಲ್ಲ, ಅದರ 'ಅಮಿಡ' ಮಾದರಿಯನ್ನು 2004ರಲ್ಲಿ ತಯಾರಿಸಿ ಹೊರತಂದಿದ್ದು ಜಾಲಹಳ್ಳಿಯ ಬಿ.ಇ.ಎಲ್. ಅದರ ಒಳಗಿದ್ದದ್ದು ಲಿನಕ್ಸೇ. ಮಾರುಕಟ್ಟೆಯಲ್ಲಿ ಅದು ನಿಲ್ಲಲಿಲ್ಲ, ಪಾಪ. ಇನ್ನು ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳನ್ನು ನೋಡಿ. ಕೇರಳದಲ್ಲಿ 2001ರಲ್ಲಿ ಶುರುವಾಗಿ ಈಗ 'ಕೈಟ್' ಅನ್ನಿಸಿಕೊಂಡಿರುವ ಶಾಲಾ ಕಂಪ್ಯೂಟರ್ ಯೋಜನೆ ಲಿನಕ್ಸಿನ ಮೇಲೇ ನಡೆಯುತ್ತೆ. ಅಲ್ಲಿನ ಮಕ್ಕಳಿಗೆ ಆ ಪಾಠದ ಪುಸ್ತಕ ಕನ್ನಡದಲ್ಲೂ ಉಂಟು. ಹೈಸ್ಕೂಲು ಮಕ್ಕಳು ಕಲಿಯುವುದನ್ನು ಹೈಸ್ಕೂಲು ಓದಿದ ನಾವು ಕಲಿಯಲಾರೆವಾ?

ಈಗ ಕೆಲಸಕ್ಕೆ ಬರೋಣ. ಇದರಲ್ಲಿ ಒಂದು ದೊಡ್ಡ ಅನುಕೂಲ ಏನೆಂದರೆ ಲ್ಯಾಪ್‌ಟಾಪಿಗೆ ಹಾಕದೆಯೇ ರುಚಿ ನೋಡಬಹುದು. 8 ಜಿಬಿಯ ಒಂದು ಪೆನ್‌ಡ್ರೈವ್ ಬೇಕು. ಅದರಲ್ಲಿ ಇರುವುದೆಲ್ಲ ಅಳಿಸಿಹೋಗುತ್ತೆ, ಮದುವೆ ಫೋಟೋ ಇರುವ ಪೆನ್‌ಡ್ರೈವ್ ಕೊಟ್ಟೀರಿ ಜೋಕೆ. ಮಿಂಟಿನ ಕಡತವನ್ನು ಅವರದೇ ತಾಣದಿಂದ ಇಳಿಸಿಕೊಂಡು, ರೂಫಸ್ ಅಥವಾ ಎಚರ್ ಎಂಬ ಉಚಿತ ಸಲಕರಣೆಯಿಂದ ಪೆನ್‌ಡ್ರೈವಿಗೆ ಬರೆಸಬೇಕು. ಸುಮ್ಮನೆ ನಕಲು ಮಾಡಿ ಹಾಕಿದರೆ ನಡೆಯೋದಿಲ್ಲ. ನಮ್ಮ ಮನೆಯಲ್ಲಿ ಡಿಪ್ಲೊಮಾ ಓದಿದ ನಾದಿನಿಯ ಮಗ ಇದನ್ನು ಮಾಡಿಕೊಟ್ಟ. ನಿಮ್ಮ ನೆಂಟರಲ್ಲೂ ಅಂಥವನೊಬ್ಬ ಇದ್ದೇ ಇರುತ್ತಾನೆ, ಒಂದು ತಟ್ಟೆ ಚಕ್ಕುಲಿ ಇಟ್ಟು ಕೂರಿಸಿ. ಪೆನ್‌ಡ್ರೈವ್ ಸಿಕ್ಕಿಸಿ ಲ್ಯಾಪ್‌ಟಾಪ್ ಹೊತ್ತಿಸುವಾಗ ಎಫ್12, ಎಫ್9 ಅಥವಾ ಎಸ್ಕೇಪ್ ಒತ್ತಬೇಕು. ಯಾವ ಕೀಲಿ ಅನ್ನೋದು ಕಂಪನಿಯ ಮೇಲೆ ಹೋಗುತ್ತೆ. ಆಗ ಮಿಂಟ್ ಪೆನ್‌ಡ್ರೈವಿನಿಂದಲೇ ಓಡುತ್ತೆ. ವೈಫೈ ಹಿಡಿಯುತ್ತಾ, ಶಬ್ದ ಬರುತ್ತಾ, ಕ್ಯಾಮೆರಾ ಕಾಣುತ್ತಾ, ಎಲ್ಲ ನೋಡಿ. ಹಿಡಿಸದಿದ್ದರೆ ಆರಿಸಿ ಪೆನ್‌ಡ್ರೈವ್ ಕಿತ್ತರಾಯಿತು, ಹಳೆಯದು ಹಾಗೇ ಇರುತ್ತೆ.

ಹಿಡಿಸಿತು ಅಂದರೆ ಆಮೇಲೆ ಒಳಗೆ ಹಾಕೋದು. ಅದಕ್ಕೆ ಮುಂಚೆ ಫೋಟೋ, ಅಂಕಪಟ್ಟಿ, ಎಲ್.ಐ.ಸಿ. ಕಾಗದ, ಏನೇನಿದೆಯೋ ಎಲ್ಲವನ್ನೂ ಬೇರೆ ಕಡೆ ತೆಗೆದಿಡಿ. ಈ ಒಂದು ವಿಷಯದಲ್ಲಿ ಮಾತ್ರ ಆತುರ ಬೇಡ. ಮಿಂಟಿಗೆ ಕಡಿಮೆ ಅಂದರೆ 2 ಜಿಬಿ ರ‍್ಯಾಮ್ ಬೇಕು, 4 ಜಿಬಿ ಇದ್ದರೆ ನೆಮ್ಮದಿ. ತೀರಾ ಹಳೇ ಯಂತ್ರವಾದರೆ ಎಕ್ಸ್‌ಎಫ್‌ಸಿಇ ಅನ್ನುವ ಹಗುರದ ಬಗೆ ಹಾಕಿ. ಅದರ ಗುರುತು ಒಂದು ಇಲಿ. ಕೈಯಲ್ಲಿ ಸ್ವಲ್ಪ ಹಣ ಇದ್ದರೆ ಅದನ್ನು ಎಸ್‌ಎಸ್‌ಡಿಗೆ ಹಾಕಿ ಅಂತ ನನ್ನ ಸಲಹೆ. ತಿರುಗುವ ಹಳೇ ಹಾರ್ಡ್‌ಡಿಸ್ಕ್ ತೆಗೆದು ಅದನ್ನು ಕೂರಿಸಿದರೆ ಕಾಫಿ ಸೋಸುವಷ್ಟು ಹೊತ್ತು ಕಾಯಬೇಕಾಗಿದ್ದ ಯಂತ್ರ ಚಕ್ಕನೆ ಏಳುತ್ತೆ. ನಾವು ಹಸಿರು ಮೆಟ್ರೋದಲ್ಲಿ ಚಿಕ್ಕಪೇಟೆಗೆ ಇಳಿದು ಎಸ್.ಪಿ. ರಸ್ತೆಯಲ್ಲಿ ನಾಲ್ಕು ಅಂಗಡಿ ವಿಚಾರಿಸಿ ತಂದೆವು. ಸೀರೆ ಕೊಳ್ಳುವ ಹಾಗೆಯೇ, ಮೊದಲನೇ ಅಂಗಡಿಯಲ್ಲಿ ತಗೊಳ್ಳಬಾರದು. ಬಿಲ್ಲು, ಗ್ಯಾರಂಟಿ ಕೇಳಿ ಪಡೆಯಿರಿ.

ಆಟದ ವಿಷಯಕ್ಕೆ ಬರುತ್ತೇನೆ. ತಾಯಂದಿರು ಮಕ್ಕಳಿಗೆ ಸುಳ್ಳು ಭರವಸೆ ಕೊಡಬಾರದು, ಆದ್ದರಿಂದ ಇದ್ದದ್ದು ಇದ್ದ ಹಾಗೆ ಹೇಳಿಬಿಡಿ. ವೆಲೊರಂಟ್, ಫೋರ್ಟ್‌ನೈಟ್ ಲಿನಕ್ಸಿನಲ್ಲಿ ನಡೆಯೋದಿಲ್ಲ. ಮೋಸದಾಟ ಹಿಡಿಯುವ ಕಾವಲುಗಾರ ಪ್ರೋಗ್ರಾಮೊಂದು ಅವುಗಳ ಜೊತೆ ಬರುತ್ತೆ, ಅದು ಇಲ್ಲಿ ಒಳಗೆ ಬಿಡೋದಿಲ್ಲ. ನಮ್ಮ ಹುಡುಗ ಇದನ್ನು ಕೇಳಿ ಎರಡು ದಿನ ಮುಖ ಊದಿಸಿಕೊಂಡ. ಆದರೆ ವಿಂಡೋಸಿಗೆ ಅಂತ ಮಾಡಿದ ಬೇರೆ ಬಹಳಷ್ಟು ಆಟಗಳು ಓಡುತ್ತವೆ. ವೈನ್ ಎಂಬ ದುಭಾಷಿ ಪ್ರೋಗ್ರಾಮಿನ ಕೆಲಸ 1993ರಿಂದ ನಡೆದಿದೆ. ಅದರ ಮೇಲೆ ಕಟ್ಟಿದ ಪ್ರೋಟಾನ್ ಅನ್ನು ಸ್ಟೀಮ್ ಎಂಬ ಆಟದಂಗಡಿಯವರು 2018ರಲ್ಲಿ ಕೊಟ್ಟರು. ಅವರು 2022ರಲ್ಲಿ ಮಾರಾಟಕ್ಕೆ ತಂದ ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ ಕೂಡ ಲಿನಕ್ಸಿನದೇ. ಆದರೂ ಹತ್ತು ವರ್ಷದ ಲ್ಯಾಪ್‌ಟಾಪಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಇರದಿದ್ದರೆ ಭಾರಿ ಆಟಗಳು ಯಾವುದರಲ್ಲೂ ಓಡೋದಿಲ್ಲ. ಅದು ಲಿನಕ್ಸಿನ ತಪ್ಪಲ್ಲ.

ಪೂರ್ತಿ ಉಚಿತವಾದವೂ ಇವೆ. ಸೂಪರ್‌ಟಕ್ಸ್‌ಕಾರ್ಟ್ ಅನ್ನೋದು ಪೆಂಗ್ವಿನ್ ಗಾಡಿ ಓಡಿಸುವ ಪಂದ್ಯ. ಲುವಾಂಟಿ, ಅಂದರೆ 2024ರವರೆಗೆ ಮೈನ್‌ಟೆಸ್ಟ್ ಅನ್ನಿಸಿಕೊಂಡಿದ್ದು, ಇಟ್ಟಿಗೆಯಂಥ ಚೌಕ ಜೋಡಿಸಿ ಮನೆ, ಊರು ಕಟ್ಟುವಂಥದು. ಚಿಕ್ಕಮಕ್ಕಳಿಗೆ ಜಿಕಾಂಪ್ರಿ, ಟಕ್ಸ್ ಪೇಂಟ್. ಇವುಗಳಲ್ಲಿ ನನಗೆ ಮೆಚ್ಚಿಕೆಯಾಗಿದ್ದು ಒಂದೇ: ನಡುವೆ ನಿಲ್ಲಿಸಿ "ಇಷ್ಟು ರೂಪಾಯಿ ಕೊಡು, ಹೊಸ ಕತ್ತಿ ಕೊಡುತ್ತೇನೆ" ಅನ್ನೋದಿಲ್ಲ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಜೂಜನ್ನು 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಕಾಯಿದೆ ತಂದು ನಿಷೇಧಿಸಿದೆ, ಸರಿಯೇ. ಆದರೆ ಆಟದೊಳಗೆ ಬಟ್ಟೆ, ಕತ್ತಿ ಮಾರುವ ಈ ವ್ಯಾಪಾರ ಬೇರೆ. ಅಪ್ಪನ ಕಾರ್ಡು ಫೋನಿನಲ್ಲಿ ಇದ್ದರೆ ತಿಂಗಳ ಕೊನೆಗೆ ಲೆಕ್ಕ ತಪ್ಪುವುದು ಅಲ್ಲೇ.

ಇನ್ನು ನೆಟ್‌ವರ್ಕ್. ಹೆಸರು ಕೇಳಿ ಹೆದರಬೇಡಿ. ನಿಮ್ಮ ಮನೆಯಲ್ಲಿ ವೈಫೈ ಪೆಟ್ಟಿಗೆ, ಅಂದರೆ ರೂಟರ್ ಇದ್ದರೆ ನೆಟ್‌ವರ್ಕ್ ಆಗಲೇ ಇದೆ. ವಠಾರ ಅಂದುಕೊಳ್ಳಿ. ರೂಟರ್ ವಠಾರದ ಬಾಗಿಲು. ಒಳಗಿರುವ ಒಂದೊಂದು ಫೋನಿಗೂ ಲ್ಯಾಪ್‌ಟಾಪಿಗೂ ಅದು ಮನೆ ನಂಬರು ಕೊಡುತ್ತೆ. ಸಾಮಾನ್ಯವಾಗಿ ಅದು 192.168 ಅಂತ ಶುರುವಾಗುತ್ತೆ. ವಠಾರದೊಳಗಿನವರು ಒಬ್ಬರಿಗೊಬ್ಬರು ಸಾಸಿವೆ ಡಬ್ಬಿ ಕೊಟ್ಟು ತಗೊಳ್ಳೋಕೆ ಬೀದಿಗೆ ಹೋಗಬೇಕಾಗಿಲ್ಲ ತಾನೆ? ಹಾಗೇ ಮನೆಯೊಳಗಿನ ಎರಡು ಯಂತ್ರಗಳು ಮಾತಾಡೋಕೆ ಇಂಟರ್ನೆಟ್ಟೇ ಬೇಕಾಗಿಲ್ಲ. ನೆಟ್ಟಿನ ಹಣ ಕಟ್ಟೋದು ತಡವಾಗಿ ನಿಂತಿದ್ದರೂ ರೂಟರಿಗೆ ಕರೆಂಟಿದ್ದರೆ ಸಾಕು.

ಗೂಡಾರ್ಥ ತಿಳಿಯಿತಾ? ಸೂಪರ್‌ಟಕ್ಸ್‌ಕಾರ್ಟಿನಲ್ಲಾಗಲಿ ಲುವಾಂಟಿಯಲ್ಲಾಗಲಿ ಒಂದು ಯಂತ್ರದಲ್ಲಿ ಆಟ ಹೂಡಿ, ಇನ್ನೊಂದರಿಂದ ಆ ಮನೆ ನಂಬರಿಗೆ ಸೇರಿದರೆ ಅಕ್ಕ ತಮ್ಮ ಇಬ್ಬರೇ ಆಡಬಹುದು. ಪಕ್ಕದ ಮನೆ ಹುಡುಗ ತನ್ನ ಲ್ಯಾಪ್‌ಟಾಪ್ ಹಿಡಿದು ಬಂದರೆ ಮೂವರು. ಹೆಸರು ಊರು ಗೊತ್ತಿಲ್ಲದವನು ನಿಮ್ಮ ಮಗನ ಕಿವಿಯಲ್ಲಿ ಬೈಗುಳ ಬೈಯೋದು, ಫೋಟೋ ಕಳಿಸು ಅನ್ನೋದು ಇಲ್ಲಿ ಇರೋದಿಲ್ಲ. ಜಗಳ ಅಂತೂ ಇದ್ದೇ ಇರುತ್ತೆ. ಆದರೆ ಅಡುಗೆಮನೆಗೆ ಕೇಳಿಸುವ ಜಗಳ ನನಗೆ ಎಷ್ಟೋ ವಾಸಿ. ಆಟ ತಡೆದು ತಡೆದು ಬಂದರೆ ರೂಟರಿನಿಂದ ಲ್ಯಾಪ್‌ಟಾಪಿಗೆ ಒಂದು ಲ್ಯಾನ್ ತಂತಿ ಎಳೆಯಿರಿ. ದಪ್ಪ ಗೋಡೆ ದಾಟುವಾಗ ವೈಫೈ ಸೊರಗುತ್ತೆ, ತಂತಿ ಸೊರಗೋದಿಲ್ಲ. ಹೊಸ್ತಿಲ ಮೇಲೆ ಮಾತ್ರ ಹಾಯಿಸಬೇಡಿ, ವಯಸ್ಸಾದವರು ಎಡವುತ್ತಾರೆ.

ಮಿಂಟಿನೊಳಗೆ ವಾರ್ಪಿನೇಟರ್ ಅಂತ ಒಂದಿದೆ, 2020ರಿಂದ ಕೊಡುತ್ತಿದ್ದಾರೆ. ಫೋನಿನಿಂದ ಲ್ಯಾಪ್‌ಟಾಪಿಗೆ ಫೋಟೋ, ಕಾಗದಪತ್ರ ದಾಟಿಸುವುದಕ್ಕೆ. ಆಂಡ್ರಾಯ್ಡ್ ಫೋನಿಗೂ ಅದೇ ಹೆಸರಿನ ಆ್ಯಪ್ ಸಿಗುತ್ತೆ. ಎರಡೂ ಒಂದೇ ವೈಫೈನಲ್ಲಿರಬೇಕು. ಒಂದು 'ಗೆಸ್ಟ್' ವೈಫೈನಲ್ಲಿದ್ದರೆ ಸಾಮಾನ್ಯವಾಗಿ ಪರಸ್ಪರ ಕಾಣೋದಿಲ್ಲ. ಮಗಳು ಪ್ರಾಜೆಕ್ಟಿನ ಫೋಟೋಗಳನ್ನೆಲ್ಲ ಹೀಗೇ ಸಾಗಿಸುತ್ತಾಳೆ, ಡೇಟಾ ಖರ್ಚಿಲ್ಲ. ರೂಟರಿನ ಪಾಸ್‌ವರ್ಡನ್ನು, ಹಾಕಿಕೊಟ್ಟವರು ಇಟ್ಟು ಹೋದದ್ದೇ ಇದ್ದರೆ ಇವತ್ತೇ ಬದಲಾಯಿಸಿ. ಮಿಂಟಿನಲ್ಲಿ ಫೈರ್‌ವಾಲ್ ಅನ್ನೋದನ್ನು ನಾವೇ ಹಾಕಬೇಕು, ತಾನಾಗಿ ಹಾಕಿರೋದಿಲ್ಲ. ಅದು ಹಾಕಿದ ಮೇಲೆ ವಾರ್ಪಿನೇಟರ್ ಅಥವಾ ಆಟ ಸೇರಿಕೊಳ್ಳದಿದ್ದರೆ ಅವಕ್ಕೆ ಅಲ್ಲಿಯೇ ಅನುಮತಿ ಕೊಡಬೇಕು.

ಕನ್ನಡ ಬರೆಯೋಕೆ ಆಗುತ್ತಾ ಅಂತ ಇನ್ನಿಬ್ಬರು ಕೇಳಿದ್ದಾರೆ. ಆಗುತ್ತೆ. ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡ ಕಗಪ ಅಂತ ಆರಿಸಿ. ನುಡಿಯಲ್ಲಿ ಬೆರಳಚ್ಚು ಕಲಿತವರಿಗೆ ಹೊಸದಾಗಿ ಕಲಿಯೋದು ಏನೂ ಇಲ್ಲ. ನಾನು ದಿನಸಿ ಲೆಕ್ಕ ಲಿಬ್ರೆ ಆಫೀಸಿನಲ್ಲಿ ಕನ್ನಡದಲ್ಲೇ ಇಡುತ್ತಿದ್ದೇನೆ.

ತಿಪಟೂರಿನ ಸೋದರಿಯ ಕೊನೇ ಪ್ರಶ್ನೆ: ಕೆಟ್ಟರೆ ಯಾರನ್ನು ಕೇಳೋದು? ಒಳಗೆ ಟೈಮ್‌ಶಿಫ್ಟ್ ಅಂತ ಇದೆ. ವಾರಕ್ಕೊಮ್ಮೆ ಯಂತ್ರದ ಸ್ಥಿತಿ ಉಳಿಸಿಡು ಅಂತ ಅದಕ್ಕೆ ಹೇಳಿದ್ದರೆ, ಏನಾದರೂ ಎಡವಟ್ಟಾದಾಗ ಹಿಂದಿನ ವಾರಕ್ಕೆ ಮರಳಬಹುದು. ನಿಮ್ಮ ಫೋಟೋ, ಕಾಗದಗಳಿಗೆ ಮಾತ್ರ ಅದು ಸಾಲದು, ಅವುಗಳ ನಕಲು ಬೇರೆ ಇರಲಿ. ಮೊದಲಿನ ಪೆನ್‌ಡ್ರೈವನ್ನು ಅಳಿಸದೆ ಜೋಪಾನ ಮಾಡಿ. ಮಕ್ಕಳಿಗೆ ಬೇರೆ ಖಾತೆ ಮಾಡಿಕೊಡಿ, ಹೊಸ ಪ್ರೋಗ್ರಾಮ್ ಹಾಕುವ ಪಾಸ್‌ವರ್ಡ್ ನಿಮ್ಮ ಕೈಯಲ್ಲೇ ಇರಲಿ. ಅದನ್ನು ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ, ಮಕ್ಕಳು ಅದನ್ನು ಯಾವತ್ತೂ ತೆಗೆದು ನೋಡೋದಿಲ್ಲ. ಮತ್ತೆ ನನಗೆ ಬರೆಯುವಾಗ ಬರೀ "ಹಳೇ ಲ್ಯಾಪ್‌ಟಾಪ್" ಅನ್ನಬೇಡಿ. ಯಂತ್ರ ತಿರುಗಿಸಿ ಅಡಿಯಲ್ಲಿ ಅಂಟಿಸಿರುವ ಚೀಟಿ ನೋಡಿ, ಕಂಪನಿ, ಮಾಡೆಲ್ ನಂಬರ್, ಎಷ್ಟು ಜಿಬಿ ರ‍್ಯಾಮ್ ಅಂತ ಬರೆಯಿರಿ. ನಾದಿನಿಯ ಮಗನನ್ನು ಕೂರಿಸಿಕೊಂಡು ಒಬ್ಬೊಬ್ಬರಿಗೂ ಉತ್ತರ ಬರೆಯುತ್ತೇನೆ.