ಪ್ಯಾಕೇಜ್ ಬೇಡ, ಬೇಕಾದ ಪರೀಕ್ಷೆ ಸಿಗಲಿ



2025ರ ಜೂನ್–ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳು ಬಂದಾಗ ಜಯದೇವ ಹೃದ್ರೋಗ ಆಸ್ಪತ್ರೆಗೆ ಜನ ಮುಗಿಬಿದ್ದರು. ಆ ಭಯ ಇಳಿದರೂ ಅದರ ವ್ಯಾಪಾರ ಇಳಿದಿಲ್ಲ. ನಮ್ಮ ಚಿಕ್ಕಲಸಂದ್ರ, ಉತ್ತರಹಳ್ಳಿ ಕಡೆ ಕಣ್ಣು ಹಾಯಿಸಿದಲ್ಲೆಲ್ಲ ‘ಹಾರ್ಟ್ ಪ್ಯಾಕೇಜ್’ ಜಾಹೀರಾತು. ಪರೀಕ್ಷೆಗಳ ಪಟ್ಟಿ ಮೊಳದುದ್ದ. ಅದರಲ್ಲಿ ಹೃದಯಕ್ಕೆ ಸಂಬಂಧಿಸಿದ್ದು ಯಾವುದೆಂದು ಕೇಳಿದರೆ ರಕ್ತ ತೆಗೆಯಲು ಮನೆಗೆ ಬರುವ ಹುಡುಗನಿಗೂ ಗೊತ್ತಿರುವುದಿಲ್ಲ (ಪಾಪ, ಅವನ ತಪ್ಪಲ್ಲ).

ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರಲ್ಲಿ ಹೊರಡಿಸಿದ ಮಾರ್ಗಸೂಚಿ ಸರಳವಾಗಿದೆ: 18ನೇ ವಯಸ್ಸಿಗೇ ಮೊದಲ ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಪರೀಕ್ಷೆ), ಅಪಾಯ ಅಂದಾಜಿಸಲು ಖಾಲಿ ಹೊಟ್ಟೆ ಕಡ್ಡಾಯವಲ್ಲ, ಲೈಪೊಪ್ರೋಟೀನ್-ಎ ಎಂಬ ಕೊಬ್ಬಿನ ಕಣದ ಪ್ರಮಾಣವನ್ನು ಒಮ್ಮೆಯಾದರೂ ನೋಡಿಸಬೇಕು. ಈ ಕೊನೆಯದು ಬಹುಪಾಲು ವಂಶದಿಂದ ಬರುವಂಥದ್ದು, ಪಥ್ಯ ಮಾಡಿದರೂ ಅಷ್ಟಾಗಿ ಇಳಿಯದು. ತಂದೆಗೋ ಅಣ್ಣನಿಗೋ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾಗಿದ್ದರೆ ಇದನ್ನು ಮರೆಯಲೇಬಾರದು. ಎಷ್ಟೋ ಪ್ಯಾಕೇಜುಗಳಲ್ಲಿ ಇದೇ ಇರುವುದಿಲ್ಲ!

ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಎದೆನೋವು ಬಂದವರಿಗೆ ಇಸಿಜಿ, ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಉಚಿತವಾಗಿ ಸಿಗುತ್ತಿದೆ, ಸ್ವಾಗತಾರ್ಹ. ನೋವು ಬರುವ ಮುಂಚಿನ ಕೆಲಸವೂ ಆಗಲಿ. ಸರ್ಕಾರದ ಎಲ್ಲ ‘ನಮ್ಮ ಕ್ಲಿನಿಕ್’ಗಳಲ್ಲೂ ಲಿಪಿಡ್ ಪ್ರೊಫೈಲ್ ಉಚಿತವಾಗಿ, ದುಡಿಯುವವರಿಗಾಗಿ ಭಾನುವಾರ ಬೆಳಿಗ್ಗೆಯೂ, ಸಿಗುವಂತೆ ಆರೋಗ್ಯ ಇಲಾಖೆ ವ್ಯವಸ್ಥೆ ಮಾಡಬೇಕು. ವರದಿ ಕನ್ನಡದಲ್ಲಿರಲಿ, ವಯಸ್ಸು, ಬಿಪಿ, ಸಕ್ಕರೆ, ಬೀಡಿ-ಸಿಗರೇಟಿನ ಚಟ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು ಅಪಾಯ ಎಷ್ಟೆಂದು ವೈದ್ಯರು ತಿಳಿಸಿ ಹೇಳಲಿ. ಖಾಸಗಿ ಲ್ಯಾಬ್‌ಗಳು ಬಿಡಿ ಪರೀಕ್ಷೆಗಳ ದರವನ್ನೂ ಜಾಹೀರಾತಿನಲ್ಲೇ ನಮೂದಿಸುವಂತೆ ಇಲಾಖೆ ಸೂಚಿಸಬೇಕೆಂದು ಕೋರುತ್ತೇನೆ.

– ಓರ್ವ ಹಿರಿಯ ನಾಗರಿಕ, ಚಿಕ್ಕಲಸಂದ್ರ, ಬೆಂಗಳೂರು