ಎಸ್ಸೆಸ್ಸೆಲ್ಸಿ ಪಾಸಾದರೆ ಸಾಕೆ?

ಹತ್ತನೇ ತರಗತಿ ದಾಟದವನ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ಇಸಿಆರ್ (ವಲಸೆ ತಪಾಸಣೆ ಅಗತ್ಯ) ಮುದ್ರೆ ಬೀಳುತ್ತದೆ. ಸೌದಿ, ಯುಎಇ, ಕುವೈತ್, ಥಾಯ್ಲೆಂಡ್ ಸೇರಿದಂತೆ 18 ದೇಶಗಳಿಗೆ ಅವನು ಕೆಲಸಕ್ಕೆ ಹೊರಟರೆ 1983ರ ವಲಸೆ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಬೇಕು. ಕೆಲಸದ ಕರಾರು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ದಾಖಲಾಗಬೇಕು. 10 ಲಕ್ಷ ರೂಪಾಯಿ ವಿಮೆ ಕಡ್ಡಾಯ. ಎರಡು ವರ್ಷದ ಕಂತು 275 ರೂಪಾಯಿ. ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಸಾಮಾನ್ಯವಾಗಿ ಇದ್ಯಾವುದೂ ಕಡ್ಡಾಯವಲ್ಲ. ಭಟ್ಕಳದ ಒಂದೇ ಬೀದಿಯಿಂದ ಹೊರಟು ದುಬೈನ ಒಂದೇ ಹೋಟೆಲಿನಲ್ಲಿ ದುಡಿಯುವ ಇಬ್ಬರಲ್ಲಿ ಯಾರ ಮೇಲೆ ಸರ್ಕಾರದ ಕಣ್ಣಿರಬೇಕು ಎಂಬುದನ್ನು ಅಂಕಪಟ್ಟಿ ತೀರ್ಮಾನಿಸುತ್ತದೆ.

ಓದು ಬಲ್ಲವನು ಮೋಸಹೋಗುವುದಿಲ್ಲ ಎಂಬ ನಂಬಿಕೆ ಈ ಏರ್ಪಾಡಿನ ಬುಡದಲ್ಲಿದೆ. ಮ್ಯಾನ್ಮಾರಿನ ಗಡಿಯಲ್ಲಿ ಅದು ಕುಸಿದುಬಿತ್ತು. ಕಂಪ್ಯೂಟರ್ ಕೆಲಸ ಎಂದು ಬ್ಯಾಂಕಾಕ್‌ಗೆ ಕರೆಸಿಕೊಂಡು, ಗಡಿ ದಾಟಿಸಿ, ಸೈಬರ್ ವಂಚನೆಯ ಅಡ್ಡೆಗಳಿಗೆ ದೂಡಿದ್ದು ಇಂಗ್ಲಿಷ್, ಕೀಬೋರ್ಡ್ ಎರಡೂ ಬಲ್ಲ ಹುಡುಗರನ್ನು. ವಂಚಕರಿಗೆ ಬೇಕಿದ್ದುದೇ ಓದಿದವರು. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನ ಕಳಿಸಿ ನೂರಾರು ಭಾರತೀಯರನ್ನು ಕರೆತರಬೇಕಾಯಿತು.

ಇನ್ನು ಮುದ್ರೆ ಇದ್ದವನಾದರೂ ಸುರಕ್ಷಿತವೇ? ಅನುಮತಿ ಬೇಕಾಗುವುದು ಕೆಲಸಕ್ಕೆ ಹೋಗುವಾಗ ಮಾತ್ರ. ‘ಈಗ ವಿಸಿಟ್‌ನಲ್ಲಿ ಹೋಗು, ಅಲ್ಲಿ ಚೇಂಜ್ ಮಾಡಿಸೋಣ’ ಎಂದು ಏಜೆಂಟ್ ಹೇಳಿದನೆಂದರೆ ಕಾಯ್ದೆಯ ಬಾಗಿಲನ್ನು ತಪ್ಪಿಸಿ ಹಿತ್ತಲಿನಿಂದ ದಾಟಿಸುತ್ತಿದ್ದಾನೆ ಎಂದರ್ಥ. ಯುಎಇಯಲ್ಲಿ ವಿಸಿಟ್ ವೀಸಾವನ್ನು ಕೆಲಸದ ವೀಸಾಕ್ಕೆ ಬದಲಾಯಿಸಿಕೊಳ್ಳಲು ಅವಕಾಶ ಇದೆ ನಿಜ. ಆದರೆ ಪರ್ಮಿಟ್ ಕೈಗೆ ಬರುವ ಮೊದಲು ದುಡಿದರೆ ಅದು ಅಪರಾಧ. ಆ ಅವಧಿಯ ಸಂಬಳ ಬಾರದಿದ್ದರೆ ದೂರು ಕೊಡಲು ಹೋದವನೇ ಸಿಕ್ಕಿಬೀಳಬಹುದು. ನೇಮಕಾತಿಯ ಖರ್ಚನ್ನು ಮಾಲೀಕನೇ ಭರಿಸಬೇಕೆಂದು ಅಲ್ಲಿನ ಕಾನೂನು ಹೇಳುತ್ತದೆ; ನಮ್ಮಲ್ಲಿ ಪರವಾನಗಿ ಇರುವ ಏಜೆಂಟ್ ಪಡೆಯಬಹುದಾದ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಜಿಎಸ್‌ಟಿ ಸೇರಿ 35,400. ಲಕ್ಷದ ಮಾತೆತ್ತುವವನಿಗೆ ಪರವಾನಗಿ ತೋರಿಸು ಎನ್ನುವ ಧೈರ್ಯ ನಮ್ಮ ಮನೆಗಳಿಗೆ ಇನ್ನೂ ಬಂದಿಲ್ಲ. ಕೇಳಿದರೆ ವೀಸಾ ಕೈತಪ್ಪೀತೆಂಬ ಭಯ.

ಹೇಗೋ ತಲುಪಿದರೂ ಗಲ್ಫ್‌ನಲ್ಲಿ ಕಾಯಂ ನೆಲೆಯ ಆಸೆಯಂತೂ ಬೇಡ. ಯುಎಇ 2019ರಲ್ಲಿ ತಂದ, ದೀರ್ಘಾವಧಿ ವಾಸದ ಗೋಲ್ಡನ್ ವೀಸಾ ಹೂಡಿಕೆದಾರರು, ವೈದ್ಯರಂಥವರಿಗೆ. ಕೆಫೆಟೇರಿಯಾದಲ್ಲಿ ಮೂವತ್ತು ವರ್ಷ ಚಹಾ ಕೊಟ್ಟವನ ವಾಸ ಕೆಲಸ ಇರುವಷ್ಟು ದಿನ.

ಮತ್ತೆ ಅಂಕಪಟ್ಟಿಯ ಮಾತಿಗೆ ಬಂದರೆ, ಓದಿದವರೂ ಇ-ಮೈಗ್ರೇಟ್‌ನಲ್ಲಿ ನೋಂದಾಯಿಸಲೇಬೇಕೆಂದು ಕೇಂದ್ರ 2018ರ ಕೊನೆಗೆ ಆದೇಶಿಸಿತ್ತು. ಪ್ರಯಾಣಕ್ಕೆ 24 ಗಂಟೆ ಮೊದಲು ಮಾಡದಿದ್ದರೆ ವಿಮಾನ ಹತ್ತಿಸುವುದಿಲ್ಲವೆಂಬ ಬೆದರಿಕೆ ಬೇರೆ. ಗಲಾಟೆಯಾಗಿ ಆದೇಶವನ್ನು ತಡೆಹಿಡಿಯಲಾಯಿತು. ಅದು ಆಗಬೇಕಾದ್ದೇ, ರಕ್ಷಣೆಯ ಹೆಸರಿನಲ್ಲಿ ವಿಮಾನ ತಪ್ಪಿಸುವುದು ಎಂಥ ನ್ಯಾಯ? ಆದರೆ ಬೆದರಿಕೆಯ ಜೊತೆಗೆ ವಿಚಾರವನ್ನೂ ಕೈಬಿಟ್ಟದ್ದು ತಪ್ಪು. 1983ರ ಕಾಯ್ದೆಯ ಬದಲಿಗೆ 2025ರಲ್ಲಿ ಹೊಸ ಕರಡು ಮಸೂದೆ ಹೊರಬಂದಿದೆ. ಆ ಮಸೂದೆ ವಿಮೆಯನ್ನೂ ಕರಾರಿನ ದಾಖಲೆಯನ್ನೂ ಅಂಕಪಟ್ಟಿಯಿಂದ ಬಿಡಿಸಿ ಕೆಲಸಕ್ಕೆ ಜೋಡಿಸಬೇಕು. ವಿಸಿಟ್‌ನಲ್ಲಿ ಆಳು ಸಾಗಿಸುವ ಏಜೆಂಟನಿಗೆ ಜೈಲು, ಹೋದವನಿಗೆ ರಾಯಭಾರ ಕಚೇರಿಯಲ್ಲಿ ಕಾನೂನು ನೆರವು, ಇವೆರಡೂ ಅದರಲ್ಲಿ ಸ್ಪಷ್ಟವಾಗಿರಲಿ. ನಮ್ಮ ಕರಾವಳಿಯ ಸಂಸದರು ಸದನದಲ್ಲಿ ಕೇಳಬೇಕಾದ್ದು ಇದನ್ನೇ.